ಕೌಜುಗದ ಗುಡ್ಡದ ಹಲ್ಲು

ಗುಡ್ಡದಲ್ಲಿ ಮಣ್ಣು ತೊಳೆಯಲು ಹೆಂಗಸರು ಬೇಕೆಂದು ರಾಜಧಾನಿ ರಬಾತಿನಿಂದ ಬಂದವರು ಹೇಳಿಕಳಿಸಿದಾಗ ಮೊದಲು ಹೊರಟವಳು ನಾನೇ. ಹಸ್ನಾ ಸತ್ತು ಏಳು ತಿಂಗಳಾಗಿತ್ತು. ನಾನು ಹೋಗುವುದು ಒಳ್ಳೆಯದೆಂದೇ ಊರಿನವರು ತಿಳಿದರು. ನಾಲ್ಕು ಜನರ ನಡುವೆ ಇದ್ದರೆ ಮನಸ್ಸಿನ ಭಾರ ಇಳಿಯುತ್ತದೆ ಎಂದರು. ನನ್ನ ಮನಸ್ಸು ಭಾರವಾಗಿಯೇನೂ ಇರಲಿಲ್ಲ. ಅಲ್ಲಿ ಏನೂ ಇರಲಿಲ್ಲ.

ಹಸ್ನಾ ನಮ್ಮ ಒಬ್ಬಳೇ ಮಗಳು. ಒಂಬತ್ತು ತುಂಬಿತ್ತು. ಜುಲೈಯಲ್ಲಿ ಚೇಳು ಕಡಿಯಿತು. ನನ್ನ ಗಂಡ ಜಿಲಾಲಿ ಯಾರದೋ ಕಾರು ಹಿಡಿದು ಪೇಟೆಗೆ ಕರೆದುಕೊಂಡು ಹೋದ. ಕಾರಿನಲ್ಲಿ ಜಾಗವಿರಲಿಲ್ಲ, ನಾನು ಉಳಿದೆ. ಮರುದಿನ ಮಧ್ಯಾಹ್ನ ಅದೇ ಕಾರು ವಾಪಸು ಬಂತು. ಹೆಂಗಸರು ಸೇರಿ ಮಗುವಿಗೆ ಸ್ನಾನ ಮಾಡಿಸಿದೆವು, ಬಿಳಿ ಬಟ್ಟೆ ಸುತ್ತಿದೆವು. ಗಂಡಸರು ಎತ್ತಿಕೊಂಡು ಹೋದರು. ನಮ್ಮಲ್ಲಿ ಮಣ್ಣು ಮಾಡುವಾಗ ಹೆಂಗಸರು ಹೋಗುವುದಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ.

ಕೌಜುಗದ ಗುಡ್ಡ ನಮ್ಮ ಊರಿಗೆ ಅರ್ಧ ಗಂಟೆಯ ನಡಿಗೆ. ಅದರ ಹೊಟ್ಟೆಯಲ್ಲಿ ಗುಹೆಯೊಂದಿದೆ, ಸೂರು ಕುಸಿದುಹೋಗಿದೆ. ಗಂಡಸರು ಗುಹೆಯೊಳಗೆ ಇಂಚಿಂಚು ಅಗೆದು ಮಣ್ಣನ್ನು ಬಕೆಟ್ಟಿನಲ್ಲಿ ಕಳಿಸುತ್ತಿದ್ದರು. ನಾವು ಎಂಟು ಜನ ಹೆಂಗಸರು ಕೆಳಗೆ ನೀರಿನ ಡ್ರಮ್ಮುಗಳ ಪಕ್ಕ ಕೂತು ಅದನ್ನು ಜರಡಿಯಲ್ಲಿ ತೊಳೆಯುತ್ತಿದ್ದೆವು. ಕಲ್ಲಿನ ಚೂರು ಒಂದು ಕಡೆ, ಮೂಳೆ ಒಂದು ಕಡೆ, ಇದ್ದಿಲು ಒಂದು ಕಡೆ. ಬೆರಳು ತಣ್ಣಗಾಗಿ ಮರಗಟ್ಟುತ್ತಿತ್ತು. ನನಗೆ ಆ ಕೆಲಸ ಹಿಡಿಸಿತು. ಯೋಚನೆ ಮಾಡಬೇಕಾದ್ದೇನೂ ಇರಲಿಲ್ಲ.

ಎಲ್ಲಕ್ಕೂ ಮೇಲಿನವರು ತೂರಿಯಾ ಅಮ್ಮನವರು, ನಮ್ಮ ಮಾತಿನಲ್ಲಿ ಲಲ್ಲಾ ತೂರಿಯಾ. ರಬಾತಿನಲ್ಲಿ ದೊಡ್ಡ ಪ್ರೊಫೆಸರ್. ಐವತ್ತರ ಮೇಲಾಗಿತ್ತು. ತಲೆಗೆ ಬಟ್ಟೆ ಕಟ್ಟಿ, ಗಂಡಸರ ಬೂಟು ಹಾಕಿ, ಬೆಳಗ್ಗೆಯಿಂದ ಮೊಣಕಾಲೂರಿಯೇ ಇರುತ್ತಿದ್ದರು. ನಮಾಜಿನ ಹೊತ್ತಾದರೆ ಡೇರೆಯ ಹಿಂದೆ ಚಾಪೆ ಹಾಸುತ್ತಿದ್ದರು.

ಜರಡಿಯ ಮುಂದೆ ಬಾಯಿಗೆ ಬಿಡುವಿಲ್ಲದವಳು ತಾಮು, ನಮ್ಮ ಪಕ್ಕದ ಮನೆಯವಳು.

"ಯಮ್ನಾ, ಕೇಳಿದ್ಯೇನೆ? ಇವರು ಹುಡುಕ್ತಿರೋದು ನಮ್ಮ ಮುತ್ತಜ್ಜನ್ನಂತೆ. ಮೈತುಂಬ ಕೂದಲಂತೆ. ಮರದ ಮೇಲೇ ಸಂಸಾರವಂತೆ."

"ನಿನ್ನ ಮುತ್ತಜ್ಜ ಇರಬಹುದು," ಎಂದಳು ಮತ್ತೊಬ್ಬಳು. "ನಮ್ಮದು ಮರ್ಯಾದಸ್ಥರ ವಂಶ."

"ಹಾಗನ್ಬೇಡ ಕಣೆ. ಬಾದಾಮಿ ಕೀಳೋಕೆ ನಮ್ಮತ್ತೆ ಮರ ಹತ್ತೋದು ನೋಡಿದ್ಮೇಲೆ ನಂಗಂತೂ ನಂಬಿಕೆ ಬಂದ್ಬಿಟ್ಟಿದೆ."

ಎಲ್ಲರೂ ನಕ್ಕರು. ಆ ಕಡೆಯಿಂದ ಲಲ್ಲಾ ತೂರಿಯಾ ಕೂಡ ನಕ್ಕರು.

"ಕೋತಿ ಅಲ್ಲ ತಾಮು. ಇವರು ನಿನ್ನ ಹಾಗೇ ಎರಡು ಕಾಲಲ್ಲಿ ನಡೀತಿದ್ರು. ಬೆಂಕಿ ಹಾಕ್ತಿದ್ರು. ಜಿಂಕೆ ಮಾಂಸ ಸುಟ್ಕೊಂಡು ತಿಂತಿದ್ರು."

"ಉಪ್ಪು ಹಾಕ್ತಿದ್ರಾ?"

"ಅದನ್ನ ಮೂಳೆ ಹೇಳೋಲ್ಲ."

ನಾನೂ ಬಾಯಿ ಅಗಲಿಸಿದೆ. ಜರಡಿ ಆಡಿಸುವುದು ಹೇಗೆ ಒಂದು ಕೆಲಸವೋ ನಗುವುದೂ ಹಾಗೆಯೇ ಒಂದು ಕೆಲಸವಾಗಿತ್ತು. ಮಾಡಿದರೆ ಯಾರೂ ಏನೂ ಕೇಳುತ್ತಿರಲಿಲ್ಲ.

ನಾಲ್ಕನೆಯ ವಾರ ನನ್ನ ಜರಡಿಯಲ್ಲಿ ಅದು ಸಿಕ್ಕಿತು. ಬೆರಳಿನ ಎರಡು ಗೆಣ್ಣಿನಷ್ಟು ಮೂಳೆ, ಅದರಲ್ಲಿ ಕಚ್ಚಿಕೊಂಡ ಎರಡು ಹಲ್ಲು. ನಾಲ್ಕು ವಾರ ಜಿಂಕೆ ಹಲ್ಲು, ಕುದುರೆ ಹಲ್ಲು ನೋಡಿದ್ದ ಕಣ್ಣಿಗೆ ಇದು ಅವಲ್ಲವೆಂದು ಕೂಡಲೇ ತಿಳಿಯಿತು. ಮುಂದಿನದು ಹಾಲುಹಲ್ಲು, ಸವೆದಿತ್ತು. ಹಿಂದಿನದು ಗಟ್ಟಿ ದವಡೆಹಲ್ಲು. ಮೂಳೆ ಒಡೆದ ಕಡೆ ನೋಡಿದರೆ ಹಾಲುಹಲ್ಲಿನ ಅಡಿಯಲ್ಲಿ ಹೊಸ ಹಲ್ಲಿನ ತಲೆ ಕಾಣುತ್ತಿತ್ತು. ಮೇಲೆ ಬರಲು ಕಾದು ಕೂತಿತ್ತು.

"ಇದು ಮಗುದು," ಎಂದೆ.

ಲಲ್ಲಾ ತೂರಿಯಾ ಓಡಿಬಂದರು. ಅಂಗೈಯಲ್ಲಿಟ್ಟುಕೊಂಡರು. ಅಗೆಯುತ್ತಿದ್ದವರೆಲ್ಲ ಗುಹೆಯಿಂದ ಇಳಿದು ಬಂದು ಸುತ್ತ ನಿಂತರು.

"ಎಂಟು ವರ್ಷ," ಎಂದರು ಅವರು. "ಹೆಚ್ಚೆಂದ್ರೆ ಒಂಬತ್ತು. ಯಮ್ನಾ, ಮೂರು ಲಕ್ಷ ವರ್ಷ ಆಗಿದೆ ಇದು ಸತ್ತು. ನಿನ್ನ ಕೈಗೆ ಸಿಕ್ತು ನೋಡು!"

ನನ್ನನ್ನು ತಬ್ಬಿಕೊಂಡರು. ಆಮೇಲೆ ಯಾರೋ ಅವರ ಕಿವಿಯಲ್ಲಿ ಏನೋ ಹೇಳಿದರು. ಅವರ ಮುಖ ಇಳಿಯಿತು. ಹಸ್ನಾಳ ವಿಷಯ ಇರಬೇಕು. ನಾನು ಇನ್ನೊಂದು ಬಕೆಟ್ಟು ಎಳೆದುಕೊಂಡೆ.

ಸುದ್ದಿ ಪೇಟೆ ತಲುಪಲು ಎರಡು ದಿನವೂ ಬೇಕಾಗಲಿಲ್ಲ. ಶುಕ್ರವಾರ ಪೇಟೆಯ ಮಸೀದಿಗೆ ಹೋಗಿದ್ದ ಜಿಲಾಲಿ ಮನೆಗೆ ಬಂದು ಕುಸ್‌ಕುಸ್ ತಟ್ಟೆಯ ಮುಂದೆ ಕೂತ. ಎರಡು ತುತ್ತು ತಿಂದು ಹೇಳಿದ:

"ಖತೀಬರು ಇವತ್ತು ಪ್ರವಚನದಲ್ಲಿ ಗುಡ್ಡದ ಮಾತೆತ್ತಿದ್ರು."

"ಏನಂದ್ರು?"

"ಅಲ್ಲಿ ಅಗೆಯೋರು ಮನುಷ್ಯರೆಲ್ಲರ ಮೊದಲ ತಂದೆ ಆದಮರನ್ನ ಸುಳ್ಳು ಮಾಡೋಕೆ ಹೊರಟಿದಾರೆ ಅಂದ್ರು. ಕೋತಿ ಮಕ್ಕಳು ಅನ್ನಿಸ್ಕೊಳ್ಳೋಕೆ ಆಸೆ ಇರೋರು ಬೇಕಾದ್ರೆ ಹೋಗ್ಲಿ ಅಂದ್ರು."

"ಹಾಗಾದ್ರೆ ನಾನು ಹೋಗ್ಬೇಡ್ವಾ?"

ಅವನು ಕುಂಬಳಕಾಯಿ ಹೋಳನ್ನು ನನ್ನ ಕಡೆಗೆ ತಳ್ಳಿದ. "ನಿನ್ನಿಷ್ಟ," ಎಂದ.

ಜುಲೈಯಿಂದ ನಾವು ಒಬ್ಬರಿಗೊಬ್ಬರು ಹೇಳುತ್ತಿದ್ದುದು ಅದೊಂದೇ ಮಾತು.

ಸೋಮವಾರ ಎಂಟು ಜನರಲ್ಲಿ ಮೂವರು ಹೋದೆವು. ತಾಮುವಿನ ಗಂಡ ಅವಳನ್ನು ಕಳಿಸಲಿಲ್ಲ. ಅವಳಿಲ್ಲದೆ ಜರಡಿಯ ಬಳಿ ನೀರಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಆ ದಿನ ಮಧ್ಯಾಹ್ನ ಲಲ್ಲಾ ತೂರಿಯಾ ನನ್ನ ಪಕ್ಕ ಬಂದು ಕೂತು ಪುದೀನ ಚಹಾದ ಲೋಟ ಕೊಟ್ಟರು. ಹಲ್ಲನ್ನು ರಬಾತಿಗೆ ಒಯ್ಯುವುದಾಗಿ ಹೇಳಿದರು. ಯಂತ್ರದಲ್ಲಿಟ್ಟು ಒಳಗಿನ ಚಿತ್ರ ತೆಗೆಯುತ್ತಾರಂತೆ. ಆಮೇಲೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಸೀಳು ಕತ್ತರಿಸುತ್ತಾರಂತೆ.

"ಕತ್ತರಿಸ್ತೀರಾ? ಸತ್ತವರ ಮೂಳೆ ಮುರಿಯೋದೂ ಬದುಕಿರೋರ ಮೂಳೆ ಮುರಿಯೋದೂ ಒಂದೇ ಅಂತ ಪ್ರವಾದಿಯವರು ಹೇಳಿಲ್ವಾ?"

ಅವರು ಲೋಟ ಕೆಳಗಿಟ್ಟರು. "ಹೇಳಿದಾರೆ."

"ಇದು ಆದಮರ ಮಗುನಾ ಅಲ್ವಾ ಲಲ್ಲಾ?"

"ಈ ಪ್ರಶ್ನೆನ ನನಗೆ ಎಷ್ಟು ಜನ ಕೇಳಿದಾರೆ ಗೊತ್ತಾ? ಟೀವಿಯೋರು ಕೇಳಿದ್ರು, ನನ್ನ ವಿದ್ಯಾರ್ಥಿಗಳು ಕೇಳ್ತಾರೆ, ನಮ್ಮಪ್ಪ ಸಾಯೋವರೆಗೂ ಕೇಳಿದ್ರು. ಎಲ್ಲರೂ ಜಗಳ ಆಡೋಕೆ ಕೇಳ್ತಾರೆ." ನನ್ನ ಮುಖ ನೋಡಿದರು. "ನಾನು ಆದಮರನ್ನ ನಂಬ್ತೀನಿ. ಈ ಮೂಳೆನೂ ನಂಬ್ತೀನಿ. ಮನುಷ್ಯರು ಒಂದೇ ದಿನ ಹೀಗೆ ಆಗ್ಲಿಲ್ಲ, ನಿಧಾನವಾಗಿ ಆದ್ರು ಅಂತ ಮೂಳೆ ಹೇಳತ್ತೆ. ಅದೆಲ್ಲ ನಿಜ, ಆದ್ರೆ ಆದಮರನ್ನ ಮಾತ್ರ ಅಲ್ಲಾಹ್ ತನ್ನ ಕೈಯಾರೆ ಮಾಡಿ ಆ ಜನರ ಮಧ್ಯೆ ಇಟ್ಟ ಅನ್ನೋ ವಿದ್ವಾಂಸರಿದಾರೆ. ಮಣ್ಣಿಂದ ಮಾಡಿದ ಅಂದ್ರೆ ಇದೇ ನಿಧಾನದ ದಾರೀನೇ ಅನ್ನೋರೂ ಇದಾರೆ. ಮೂಳೆಯೆಲ್ಲ ಸುಳ್ಳು ಅನ್ನೋರನ್ನ ನೀನೇ ನೋಡಿದೀಯ."

"ನೀವೇನಂತೀರಿ?"

"ಹಲ್ಲು ನೋಡಿ ವಯಸ್ಸು ಹೇಳ್ಬಲ್ಲೆ. ಏನು ತಿಂದಿತ್ತು ಅಂತ ಹೇಳ್ಬಲ್ಲೆ. ಯಾರ ಮಗು ಅಂತ ಹೇಳೋಕೆ ನನಗೆ ಬರೋಲ್ಲ ಯಮ್ನಾ."

ಆಗಲಿ ಎಂದು ತಲೆಯಾಡಿಸಿದೆ. ಆ ಸಂಜೆ ಗುಡ್ಡದಿಂದ ಇಳಿದವಳು ಮನೆಗೆ ಹೋಗದೆ ನೇರ ಮಸೀದಿಗೆ ಹೋದೆ.

ನಮ್ಮ ಊರಿನಲ್ಲಿ ನಮಾಜು ಮಾಡಿಸುವವರು, ಮಕ್ಕಳಿಗೆ ಕುರ್‌ಆನ್ ಕಲಿಸುವವರು ಸಿ ಅಯಾಶಿ. ನಾವು ಫಕೀಹರು ಎಂದು ಕರೆಯುತ್ತಿದ್ದೆವು. ಬೆಟ್ಟದ ಕಡೆಯವರು, ಒಂಟಿ ಮನುಷ್ಯ. ಹನ್ನೆರಡು ವರ್ಷದಿಂದ ನಮ್ಮಲ್ಲೇ ಇದ್ದರು. ದಿನಕ್ಕೊಂದು ಮನೆಯಿಂದ ಸರದಿಯ ಮೇಲೆ ಅವರಿಗೆ ಊಟ ಹೋಗುತ್ತಿತ್ತು. ಹಸ್ನಾಳ ಕೈಹಿಡಿದು ಮೊದಲ ಅಕ್ಷರ ಅಲಿಫ್ ಬರೆಸಿದವರೂ ಅವರೇ. ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಬರೆಯುವ ಮರದ ಹಲಗೆಗಳನ್ನು ಅಂಗಳದ ಗೋಡೆಗೆ ಒಣಗಲು ಒರಗಿಸಿ, ಅವರು ಬಿಸಿಲಿಗೆ ಕೂತಿದ್ದರು.

"ಫಕೀಹರೇ, ಸತ್ತಿರೋ ಒಂದು ಮಗು ಸಿಕ್ಕಿದೆ. ಅದಕ್ಕೆ ಜನಾಝಾ ನಮಾಜು ಮಾಡಿಸ್ತೀರಾ?"

ಅವರು ದಿಗ್ಗನೆ ಎದ್ದರು. "ಯಾರ ಮಗು? ಎಲ್ಲಿ?"

"ಗುಡ್ಡದಲ್ಲಿ. ಹಳೇದು."

ಮತ್ತೆ ಕೂತರು. "ಓ, ಅದಾ. ಎಷ್ಟು ಹಳೇದು ಅಂತಾರೆ?"

"ಮೂರು ಲಕ್ಷ ವರ್ಷ."

ಅವರು ನಗಲಿಲ್ಲ. ಗಡ್ಡ ಸವರಿಕೊಂಡರು. "ದೇಹ ಎಷ್ಟು ಸಿಕ್ಕಿದೆ?"

"ದವಡೆಯ ಚೂರು. ಎರಡು ಹಲ್ಲು."

"ಹಾಗಾದ್ರೆ ಆಗೋಲ್ಲಮ್ಮ. ನಮ್ಮ ಮಾಲಿಕಿ ಪಂಥದಲ್ಲಿ ಮೂರರಲ್ಲಿ ಎರಡು ಪಾಲು ದೇಹ ಇದ್ರೇನೇ ನಮಾಜು." ಇಕ್ಕಟ್ಟಿನ ಓಣಿಯಲ್ಲಿ ಸಿಕ್ಕಿಕೊಂಡವನಿಗೆ ಬಾಗಿಲು ಕಂಡ ಹಾಗಿತ್ತು ಅವರ ದನಿ.

"ಇಡೀ ದೇಹ ಸಿಕ್ಕಿದ್ರೆ ಮಾಡಿಸ್ತಿದ್ರಾ?"

ಅವರು ಒಂದು ಹಲಗೆಯನ್ನು ಎತ್ತಿ ತಿರುಗಿಸಿಟ್ಟರು. ಆಮೇಲೆ ಪಾಠ ಹೇಳುವ ದನಿಯಲ್ಲಿ ಶುರು ಮಾಡಿದರು.

"ಅದು ಆದಮರ ಮಗು ಆಗಿದ್ರೆ ಚಿಂತೆನೇ ಇಲ್ಲ. ಎಲ್ಲ ಮಕ್ಕಳೂ ಶುದ್ಧವಾಗೇ ಹುಟ್ತವೆ. ಬುದ್ಧಿ ಬಲಿಯೋ ಮೊದಲೇ ಹೋದ ಮಗುಗೆ ವಿಚಾರಣೆ ಇಲ್ಲ."

"ಆದಮರ ಮಗು ಅಲ್ದಿದ್ರೆ?"

"ಆಗ ಅದು ಪ್ರಾಣಿ. ಪ್ರಾಣಿಗೆ ನಮಾಜಿಲ್ಲ."

"ಪ್ರಾಣಿ ಬೆಂಕಿ ಹಾಕತ್ತಾ ಫಕೀಹರೇ? ದಿನಾ ಇದ್ದಿಲು ತೊಳೀತೀನಿ ನಾನು."

ಅವರು ನನ್ನ ಕೈಗಳ ಕಡೆ ನೋಡಿದರು. ಉಗುರಿನ ಸಂದಿಯೆಲ್ಲ ಕಪ್ಪಾಗಿತ್ತು.

"ಇನ್ನೊಂದು ಮಾತಿದೆ," ಎಂದರು. "ಭೂಮಿ ಮೇಲೆ ನನ್ನ ಪ್ರತಿನಿಧಿನ ಇಡ್ತೀನಿ ಅಂತ ಅಲ್ಲಾಹ್ ಹೇಳಿದಾಗ ದೇವದೂತರು ಏನು ಕೇಳಿದ್ರು? ರಕ್ತ ಹರಿಸೋರನ್ನ ಇಡ್ತೀಯಾ ಅಂತ. ಇನ್ನೂ ಹುಟ್ಟೇ ಇಲ್ಲದೋರು ರಕ್ತ ಹರಿಸ್ತಾರೆ ಅಂತ ಅವರಿಗೆ ಹೇಗೆ ಗೊತ್ತಾಯ್ತು? ಅದಕ್ಕೂ ಮೊದಲು ಭೂಮಿ ಮೇಲೆ ಯಾರೋ ಇದ್ರು, ಅವರನ್ನ ಕಂಡಿದ್ರು ಅಂತ ಹಿಂದಿನ ಕೆಲವರು ಬರೆದಿದಾರೆ. ಯಾರು, ಎಂಥೋರು ಅಂತ ಗೊತ್ತಿಲ್ಲ."

"ಅವರಿಗೆ ಮಕ್ಕಳಿದ್ವಾ?"

"ಅದನ್ನ ಯಾರೂ ಕೇಳಿಲ್ಲ," ಎಂದರು ಫಕೀಹರು. ತಾವೂ ಈಗಲೇ ಮೊದಲ ಸಲ ಕೇಳಿಕೊಂಡವರ ಹಾಗೆ ನನ್ನನ್ನು ನೋಡಿದರು.

ಆಮೇಲೆ ಮೆಲ್ಲಗೆ, "ಯಮ್ನಾ, ನೀನು ಯಾರಿಗೋಸ್ಕರ ಕೇಳ್ತಿದೀಯಮ್ಮ? ಹಸ್ನಾಗೆ ನಮಾಜು ಆಗಿದೆ. ನಾನೇ ಮಾಡಿಸಿದ್ದು," ಎಂದರು.

"ಗೊತ್ತು. ಅವಳನ್ನ ಹೇಗೆ ಮಲಗಿಸಿದ್ರಿ?"

ಅದನ್ನು ಕೇಳಬೇಕೆಂದು ನಾನು ಬಂದಿರಲಿಲ್ಲ. ಬಾಯಿಂದ ತಾನಾಗಿ ಬಂತು. ಅವರು ಒಂದೊಂದಾಗಿ ಹೇಳಿದರು. ಬಲ ಮಗ್ಗುಲಿಗೆ, ಮುಖ ನಮಾಜಿನ ದಿಕ್ಕಿಗೆ, ಕಿಬ್ಲಾದ ಕಡೆಗೆ. ಕೆನ್ನೆಯ ಕೆಳಗೆ ಒಂದು ಹಿಡಿ ಮಣ್ಣು. ಮೇಲೆ ಐದು ಚಪ್ಪಡಿ. ಗುಂಡಿಗೆ ಇಳಿದವನು ಜಿಲಾಲಿ.

"ಮತ್ತೆ ಮೇಲೆ ಬರೋಕೆ ಒಪ್ಲಿಲ್ಲ ಅವನು. ನನ್ನನ್ನೂ ಮುಚ್ಚಿಬಿಡಿ ಅಂದ. ಇಬ್ಬರು ಕಂಕುಳಿಗೆ ಕೈಹಾಕಿ ಎತ್ತಬೇಕಾಯ್ತು."

ಜಿಲಾಲಿ ಇದನ್ನು ನನಗೆ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಯಾವುದೋ ಊರಿಗೆ ಹೋಗುವ ದಾರಿ ಕೇಳಿಸಿಕೊಂಡ ಹಾಗೆ ಕೇಳಿಸಿಕೊಂಡೆ. ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಎದ್ದು ನಿಂತೆ.

"ಗುಡ್ಡದ ಮಗು ವಿಷಯ?" ಎಂದೆ.

"ಯೋಚನೆ ಮಾಡ್ತೀನಿ," ಎಂದರು.

ಹತ್ತು ದಿನ ಯೋಚನೆ ಮಾಡಿದರು. ಊಟ ಕೊಡಲು ಹೋದವರು, ಫಕೀಹರು ತಟ್ಟೆಯ ಪಕ್ಕದಲ್ಲೂ ಕಿತಾಬು ತೆರೆದಿಟ್ಟುಕೊಂಡಿದ್ದಾರೆ, ಮೂರು ಸಲ ಕರೆದರೂ ಕೇಳಿಸುವುದಿಲ್ಲ ಎಂದು ಬಂದು ಹೇಳುತ್ತಿದ್ದರು. ಹನ್ನೊಂದನೆಯ ದಿನ ಬೆಳಗ್ಗೆ ಅವರು ಬಿಳಿ ಜಲ್ಲಾಬಾ ನಿಲುವಂಗಿ ತೊಟ್ಟು, ಕೋಲೂರಿಕೊಂಡು ಗುಡ್ಡ ಹತ್ತಿ ಬಂದರು. ಕಾವಲಿಗಿದ್ದ ಬೂಶ್ತಾ ಹೌಹಾರಿ ಎದ್ದು ನಿಂತ. ಕೆಲಸ ನಿಲ್ಲಿಸಲು ಬಂದರೆಂದು ಎಲ್ಲರೂ ತಿಳಿದೆವು.

"ಆ ಮಗುನ ನೋಡಬೇಕಿತ್ತು," ಎಂದರು ಅವರು.

ಲಲ್ಲಾ ತೂರಿಯಾ ಡೇರೆಯಿಂದ ಒಂದು ಡಬ್ಬಿ ತಂದರು. ಹತ್ತಿಯ ಮೇಲೆ ಮಲಗಿಸಿದ್ದರು. ಫಕೀಹರು ಮುಟ್ಟಲಿಲ್ಲ. ಬಗ್ಗಿ ನೋಡಿದರು. ಲಲ್ಲಾ ತೂರಿಯಾ ಅವರ ಕೈಗೆ ಭೂತಗನ್ನಡಿ ಕೊಟ್ಟರು.

"ಹಿಂದಿನ ಹಲ್ಲಿನ ಮೇಲೆ ಒಂದು ಗೆರೆ ಕಾಣತ್ತಾ ಫಕೀಹರೇ? ಅಡ್ಡಕ್ಕೆ, ಸಣ್ಣ ಕಾಲುವೆ ಹಾಗೆ?"

"ಕಾಣತ್ತೆ."

"ಆ ಹಲ್ಲು ಬೆಳೆಯೋದು ಹುಟ್ಟಿದ ಮೂರು ವರ್ಷದೊಳಗೆ. ಈ ಮಗು ಎರಡೂವರೆ ವರ್ಷದ್ದಿದ್ದಾಗ, ಮೊಲೆ ಬಿಡಿಸೋ ಹೊತ್ತಿಗೆ ಇರಬಹುದು, ಏನೋ ಆಗಿದೆ. ಜೋರು ಕಾಯಿಲೆನೋ, ಹೊಟ್ಟೆಗಿಲ್ಲದೇನೋ. ಎಷ್ಟೋ ದಿನ ಹಲ್ಲು ಬೆಳೆಯೋದೇ ನಿಂತಿದೆ. ಆಮೇಲೆ ಕೆಳಗೆ ನೋಡಿ, ನುಣುಪಾಗಿದೆ. ಮಗು ಚೇತರಿಸ್ಕೊಂಡಿದೆ. ಇನ್ನೂ ಆರು ವರ್ಷ ಬದುಕಿದೆ."

"ತಾನಾಗೇ ಚೇತರಿಸ್ಕೊಳ್ತಾ?"

"ಅಷ್ಟು ಚಿಕ್ಕ ಮಗು ತಾನಾಗೇ ಹೇಗೆ ಉಳಿಯತ್ತೆ? ಯಾರೋ ಅಗಿದು ತಿನ್ನಿಸಿರಬೇಕು. ಹೊತ್ಕೊಂಡು ತಿರುಗಿರಬೇಕು. ಇದು ನನ್ನ ಊಹೆ, ಸಾಬೀತು ಮಾಡೋಕಾಗೋಲ್ಲ."

ಫಕೀಹರು ಬಹಳ ಹೊತ್ತು ಕನ್ನಡಿಯಲ್ಲಿ ನೋಡುತ್ತಲೇ ಇದ್ದರು. "ಅವರಿಗೆ ಮಾತು ಬರ್ತಿತ್ತಾ? ಹೆಸರಿಡ್ತಿದ್ರಾ ಮಕ್ಕಳಿಗೆ?" ಎಂದು ಕೇಳಿದರು.

"ಗೊತ್ತಿಲ್ಲ. ಆದಮರಿಗೆ ಅಲ್ಲಾಹ್ ಎಲ್ಲದರ ಹೆಸರುಗಳನ್ನ ಕಲಿಸಿದ ಅಂತ ಇದೆಯಲ್ಲ, ಅದಕ್ಕೇ ಕೇಳ್ತಿದೀರಲ್ವಾ? ನಾನೂ ಅದನ್ನೇ ಯೋಚಿಸ್ತೀನಿ. ಹೆಸರು ಮೂಳೆಯಲ್ಲಿ ಉಳಿಯೋಲ್ಲ."

"ನನಗೂ ಗೊತ್ತಿಲ್ಲ," ಎಂದರು ಫಕೀಹರು. ನನ್ನ ಕಡೆ ತಿರುಗಿದರು. "ಯಮ್ನಾ, ಎಲ್ಲ ಹುಡುಕಿದೆ. ನಮಾಜು ಮಾಡಿಸೋಕೆ ನನಗೆ ದಾರಿ ಸಿಗ್ಲಿಲ್ಲ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳೋಕೂ ಆಗೋಲ್ಲ."

ಅವರು ಕೋಲನ್ನು ಕೆಳಗಿಟ್ಟು, ಕುಸಿದ ಗುಹೆಯ ಕಡೆ ಮುಖ ಮಾಡಿ ನಿಂತರು. ಗೋರಿಗಳ ಪಕ್ಕ ಹೋಗುವಾಗ ಎಲ್ಲರೂ ಹೇಳುವ ಮಾತನ್ನು ಹೇಳಿದರು. "ಈ ಮನೆಯಲ್ಲಿ ವಾಸಿಸುವವರೇ, ನಿಮ್ಮ ಮೇಲೆ ಶಾಂತಿಯಿರಲಿ. ನೀವು ಮುಂದೆ ಹೋದವರು, ನಾವು ನಿಮ್ಮ ಹಿಂದೆ ಬರುವವರು." ಅಷ್ಟೇ. ಕೋಲು ಎತ್ತಿಕೊಂಡು ಇಳಿದು ಹೋದರು.

ನನ್ನೊಳಗೆ ಏನಾದರೂ ಅಲುಗಬೇಕಿತ್ತು. ಕಾದೆ. ಏನೂ ಅಲುಗಲಿಲ್ಲ. ಜರಡಿಯ ನೀರು ಕೊಳೆಯಾಗಿತ್ತು, ಬದಲಾಯಿಸಿದೆ. ಮರುದಿನ ಹಲ್ಲು ಅದೇ ಡಬ್ಬಿಯಲ್ಲಿ ರಬಾತಿಗೆ ಹೋಯಿತು.

ಬೂಶ್ತಾ ಕೆಟ್ಟವನಲ್ಲ. ಕಂಡದ್ದನ್ನು ಚಹಾದಂಗಡಿಯಲ್ಲಿ ಹೇಳಿದ, ಅಷ್ಟೇ. ಸುದ್ದಿ ಅಂಗಡಿಯಿಂದ ಅಂಗಡಿಗೆ ಹೋಗುತ್ತಾ ಬೆಳೆಯಿತು. ಫಕೀಹರು ಸಲಾಂ ಹೇಳಿದರು ಎಂದದ್ದು, ಫಕೀಹರು ಕೋತಿಗೆ ಸಲಾಂ ಹೇಳಿದರು ಎಂದಾಯಿತು. ಗುರುವಾರದ ಸಂತೆ ಮುಗಿಯುವ ಹೊತ್ತಿಗೆ ಕೋತಿಯ ಹಿಂದೆ ನಮಾಜು ಮಾಡಿದರು ಎಂದಾಗಿತ್ತು. ದೊಡ್ಡ ಹುಡುಗರು ಮಸೀದಿಯ ಗೋಡೆಯಾಚೆಯಿಂದ ಕೋತಿಯ ಹಾಗೆ ಕೂಗಿ ಓಡುತ್ತಿದ್ದರು. ಮೂರು ಮನೆಯವರು ಸರದಿಯ ಊಟ ಕಳಿಸುವುದನ್ನು ನಿಲ್ಲಿಸಿದರು. ಆ ಮನೆಗಳ ಸರದಿಯ ದಿನವೂ ನಾನೇ ಕಳಿಸಿದೆ. ಜಿಲಾಲಿಯೇ ಒಯ್ದು ಕೊಡುತ್ತಿದ್ದ.

ಫಕೀಹರ ಕರಾರು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ ಊರಿನ ಗಂಡಸರು ಕೂತು ಮುಂದುವರಿಸುತ್ತಾರೆ. ಹನ್ನೆರಡು ವರ್ಷ ಅದು ಒಂದು ಲೋಟ ಚಹಾದ ಮಾತಾಗಿತ್ತು. ಆ ವರ್ಷ ಮಧ್ಯಾಹ್ನದ ನಮಾಜಿಗೆ ಕೂತವರು ಸಂಜೆಯ ನಮಾಜಿನವರೆಗೂ ಏಳಲಿಲ್ಲ. ಅಲ್ಲಿ ಆದದ್ದನ್ನು ಜಿಲಾಲಿ ಬಂದು ಹೇಳಿದ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿ ವರ್ಷವಾಗಿತ್ತು.

"ಹಿರಿಯರು ಏನೂ ಕೆಟ್ಟದಾಗಿ ಕೇಳ್ಲಿಲ್ಲ. ಅದು ಪ್ರಾಣಿ ಅಂತ ಒಂದು ಮಾತು ಹೇಳ್ಬಿಡಿ, ಎಲ್ಲ ಮುಗಿಸೋಣ ಅಂದ್ರು. ಫಕೀಹರು, ನನಗೆ ಗೊತ್ತಿಲ್ಲ ಅಂದ್ರು. ಹಾಗಾದ್ರೆ ಮನುಷ್ಯ ಅಂತ ಹೇಳಿ, ಆಗ ಪೇಟೆ ಖತೀಬರ ಹತ್ರ ಕಳಿಸ್ತೀವಿ, ನೀವು ನೀವೇ ಬಗೆಹರಿಸ್ಕೊಳ್ಳಿ ಅಂದ್ರು. ಅದೂ ಗೊತ್ತಿಲ್ಲ ಅಂದ್ರು. ಗೊತ್ತಿಲ್ಲದ ಮೇಲೆ ಸಲಾಂ ಯಾಕೆ ಹೇಳಿದ್ರಿ ಅಂತ ತಾಮು ಗಂಡ ಎದ್ದು ನಿಂತ."

"ಅದಕ್ಕೇನಂದ್ರು?"

"ಅಲ್ಲಿ ಯಾರೂ ಇಲ್ದಿದ್ರೆ ಒಂದು ಸಲಾಂ ಗಾಳಿಗೆ ಹೋಯ್ತು, ನಷ್ಟ ಏನಿಲ್ಲ. ಯಾರಾದ್ರೂ ಇದ್ದು ಹೇಳದೆ ಬಂದಿದ್ರೆ ನಾಳೆ ಅಲ್ಲಾಹನ ಮುಂದೆ ಏನು ಹೇಳ್ಲಿ ಅಂದ್ರು. ಕೊನೆಗೆ, ಫಕೀಹರು ಇರ್ಲಿ ಅನ್ನೋರು ಕೈ ಎತ್ತಿ ಅಂದ್ರು..." ಜಿಲಾಲಿ ನೆಲ ನೋಡಿದ. "ಅವರ ಪರ ಕೈ ಎತ್ತಿದೋರು ಆರೇ ಜನ."

"ನೀನು?"

"ಎತ್ತಿದೆ."

ಇದಕ್ಕೆಲ್ಲ ಕಾರಣ ನಾನು. ನನಗೆ ಅದು ಗೊತ್ತಿತ್ತು. ಗೊತ್ತಿರುವುದು ಬೇರೆ, ಅದು ಎದೆಗೆ ಬಡಿಯುವುದು ಬೇರೆ. ನನ್ನ ಎದೆ ತಾಗಿದ್ದನ್ನೆಲ್ಲ ನುಂಗಿ ಸುಮ್ಮನಿರುತ್ತಿತ್ತು.

ಫಕೀಹರು ಹೊರಟ ದಿನ ಜಿಲಾಲಿ ಹೇಸರಗತ್ತೆಯ ಗಾಡಿ ಹೂಡಿದ. ಬಸ್ಸು ನಿಲ್ಲುವ ರಸ್ತೆ ಎಂಟು ಕಿಲೋಮೀಟರ್. ನಾನೂ ಹತ್ತಿ ಕೂತೆ. ಫಕೀಹರ ಸಾಮಾನೆಂದರೆ ಒಂದು ಟ್ರಂಕು, ಒಂದು ಚೀಲ ಕಿತಾಬು, ಒಂದು ಕಂಬಳಿ. ದಾರಿಯುದ್ದಕ್ಕೂ ಅವರೂ ಜಿಲಾಲಿಯೂ ಕುರಿಗಳಿಗೆ ಬಂದ ಕಾಲುರೋಗದ ಬಗ್ಗೆ ಮಾತಾಡಿದರು. ಬೆಟ್ಟದ ಕಡೆಯ ಒಂದು ಊರಿನಲ್ಲಿ ಫಕೀಹರು ಬೇಕಂತೆ, ಅಲ್ಲಿ ಚಳಿ ಹೆಚ್ಚು ಎಂದರು.

ಬಸ್ಸಿಗೆ ಕಾಯುವಾಗ ನಾನು ಹೇಳಿದೆ: "ನನ್ನಿಂದ ನಿಮಗೆ ಹೀಗಾಯ್ತು. ಕ್ಷಮಿಸಿ."

"ನೀನು ಕೇಳಿದೆ, ಅಷ್ಟೇ. ಹನ್ನೆರಡು ವರ್ಷದಲ್ಲಿ ಈ ಊರಲ್ಲಿ ನನ್ನನ್ನ ಮಳೆ ಯಾವಾಗ, ಮದುವೆ ಯಾವಾಗ ಅಂತ ಕೇಳಿದಾರೆ. ನನಗೆ ಉತ್ತರ ಬರದಿರೋದನ್ನ ಕೇಳಿದೋಳು ನೀನೊಬ್ಬಳೇ." ಅವರ ಮುಖದಲ್ಲಿ ಸಣ್ಣ ನಗೆ ಬಂತು. "ಆ ಹತ್ತು ದಿನ ನಾನು ಓದಿದಷ್ಟು ಹುಡುಗನಾಗಿದ್ದಾಗಲೂ ಓದಿರ್ಲಿಲ್ಲ."

ಬಸ್ಸು ಬಂತು. ಬೆಳಗ್ಗೆ ಸುಟ್ಟ ಜವೆಗೋಧಿ ರೊಟ್ಟಿ, ಬೇಯಿಸಿದ ಮೊಟ್ಟೆ, ಆಲಿವ್ ಇದ್ದ ಗಂಟನ್ನು ಕಿಟಕಿಯಿಂದ ಒಳಗೆ ಕೊಟ್ಟೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಜಿಲಾಲಿ ನಿಂತಿದ್ದ.

ವಾಪಸು ಬರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಕೊಯ್ದ ಹೊಲಗಳಲ್ಲಿ ಬರೀ ಕೂಳೆ. ಅರ್ಧ ದಾರಿ ಕಳೆದ ಮೇಲೆ ನನ್ನ ಬಾಯಿಂದಲೇ ಬಂತು.

"ಗುಂಡಿಯಿಂದ ಮೇಲೆ ಬರೋಕೆ ಒಪ್ಲಿಲ್ಲವಂತೆ ನೀನು."

ಅವನು ಹಗ್ಗ ಎಳೆಯಲೂ ಇಲ್ಲ, ಸಡಿಲಿಸಲೂ ಇಲ್ಲ. "ಯಾರು ಹೇಳಿದ್ರು?"

"ಫಕೀಹರು."

"ಹೌದು," ಎಂದ.

"ಅವತ್ತು ಸೌದೆ ತರೋಕೆ ಅವಳನ್ನ ಕಳಿಸಿದ್ದು ನಾನು. ಚಪ್ಪಲಿ ಹುಡುಕ್ತಾ ನಿಂತಿದ್ಲು. ರೊಟ್ಟಿ ಸೀದುಹೋಗತ್ತೆ, ಬೇಗ ಓಡು ಅಂತ ಗದರಿದೆ. ಬರಿಗಾಲಲ್ಲಿ ಹೋದ್ಲು."

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಆಕಾಶ ಬೀಳುತ್ತದೆ ಎಂದುಕೊಂಡಿದ್ದೆ. ಗಾಡಿಯ ಚಕ್ರ ಕಿರ್ರೆಂದು ತಿರುಗುತ್ತಲೇ ಇತ್ತು.

"ಗೊತ್ತು," ಎಂದ ಜಿಲಾಲಿ. "ಕಾರಲ್ಲಿ ಅವಳೇ ಹೇಳಿದ್ಲು."

"ಏನಂತ?"

"ನಾನು ಚಪ್ಪಲಿ ಹಾಕ್ಕೊಳ್ಲಿಲ್ಲ ಅಪ್ಪ, ಅಮ್ಮಂಗೆ ಬಯ್ಬೇಡ ಅಂತ."

"ನೀನು ಬಯ್ಲಿಲ್ಲ."

"ಬಯ್ಲಿಲ್ಲ. ಅವಳಿಗೆ ಮಾತು ಕೊಟ್ಟಿದ್ದೆ. ಬಾಯಿ ತೆಗೆದ್ರೆ ಎಲ್ಲಿ ಬಯ್ದುಬಿಡ್ತೀನೋ ಅಂತ ಏನೂ ಮಾತಾಡ್ಲಿಲ್ಲ." ಸ್ವಲ್ಪ ದೂರ ಹೋದ ಮೇಲೆ, "ಒಂದು ವರ್ಷ ಆಯ್ತು," ಎಂದ.

ಹೇಸರಗತ್ತೆ ದಾರಿಬದಿಯ ಹುಲ್ಲು ಕಂಡು ನಿಂತಿತು. ಅವನು ಓಡಿಸಲಿಲ್ಲ. ಅದು ತಿನ್ನುವುದನ್ನು ಇಬ್ಬರೂ ನೋಡುತ್ತ ಕೂತೆವು. ಅವನ ಮೊಣಕೈ ನನ್ನ ಮೊಣಕೈಗೆ ತಾಗಿತ್ತು. ಅವನೂ ಸರಿಯಲಿಲ್ಲ, ನಾನೂ ಸರಿಯಲಿಲ್ಲ.

"ಹಸಿವಾಗ್ತಿದೆ," ಎಂದೆ.

"ನಂಗೂ," ಎಂದ ಅವನು. ಹಿಂತಿರುಗಿ ಗಾಡಿಯೊಳಗೆಲ್ಲ ತಡಕಾಡಿದ. ಏನೂ ಇರಲಿಲ್ಲ. ಇದ್ದ ರೊಟ್ಟಿಯನ್ನೆಲ್ಲ ಫಕೀಹರಿಗೆ ಕೊಟ್ಟುಬಿಟ್ಟಿದ್ದೆ.